ಪೆನ್ಸಿಲಿಗೆ ದಾರ ಕಟ್ಟಿಕೊಂಡು ಹಾರುವವರು

ವಾಯುಪಡೆಯ ಟೆಸ್ಟ್ ಪೈಲಟ್, ಅಂದರೆ ವಿಮಾನಗಳನ್ನು ಹಾರಿಸಿ ಪರೀಕ್ಷೆ ಮಾಡುವವರು, ಆಗೋಕೆ ಗುಂಡಿಗೆ ಗಟ್ಟಿ ಇದ್ದರೆ ಸಾಕಾ, ಅವರ ಕೆಲಸ ನಿಜಕ್ಕೂ ಹೇಗಿರುತ್ತೆ ಅಂತ ಕೇಳಿದ್ದೀರಿ. ನಾನು ಪೈಲಟ್ ಅಲ್ಲ. ಪರೀಕ್ಷೆಗೆ ಹೋಗುವ ವಿಮಾನಗಳಿಗೆ ಅಳತೆಯ ಉಪಕರಣ ಕೂರಿಸುವ ಕೆಲಸದಲ್ಲಿ ಬೆಂಗಳೂರಿನಲ್ಲಿ ಹಲವು ವರ್ಷ ಇದ್ದೆ. ಅಲ್ಲಿ ಕಂಡಿದ್ದನ್ನು ಹೇಳುತ್ತೇನೆ.

ಗುಂಡಿಗೆ ಬೇಕು, ನಿಜ. ಆದರೆ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಪೆನ್ಸಿಲ್. ತೊಡೆಗೆ ಕಟ್ಟಿಕೊಂಡ ಪ್ಯಾಡ್, ಅದರ ಮೇಲೆ ಅವತ್ತಿನ ಟೆಸ್ಟ್ ಕಾರ್ಡ್, ಪಕ್ಕದಲ್ಲಿ ದಾರ ಕಟ್ಟಿದ ಪೆನ್ಸಿಲ್. ಯಾಕೆ ದಾರ? ತಲೆಕೆಳಗಾಗಿ ಹಾರುವಾಗ ಕೈಜಾರಿದ ಪೆನ್ಸಿಲ್ ಕಂಟ್ರೋಲ್ ಸ್ಟಿಕ್ಕಿನ ಬುಡದಲ್ಲಿ ಸಿಕ್ಕಿಕೊಂಡರೆ ಕಥೆ ಮುಗೀತು.

ಕಾರ್ಡಿನಲ್ಲಿ ಎಷ್ಟು ಎತ್ತರ, ಎಷ್ಟು ವೇಗ, ಏನು ಮಾಡಬೇಕು ಅಂತ ಬರೆದಿರುತ್ತೆ. ಅಷ್ಟೇ ಮಾಡಬೇಕು. ಇವತ್ತು ಚೆನ್ನಾಗಿ ಹಾರ್ತಿದೆ, ಇನ್ನೊಂಚೂರು ಜೋರಾಗಿ ಹೋಗೋಣ ಅನ್ನುವವರಿಗೆ ಅಲ್ಲಿ ಜಾಗ ಇಲ್ಲ. ಇಳಿದು ಬಂದ ಮೇಲೆ ಎಂಜಿನಿಯರುಗಳ ಪ್ರಶ್ನೆ ಶುರು. 'ಸ್ವಲ್ಪ ಅಲುಗಾಡಿತು' ಅಂದರೆ ನಡೆಯಲ್ಲ. ಯಾವ ವೇಗದಲ್ಲಿ, ಯಾವ ಕಡೆಗೆ, ತಡೆಯೋಕೆ ಕೈಗೆ ಎಷ್ಟು ಕಷ್ಟ ಆಯಿತು? ಇದಕ್ಕೆ ಕೂಪರ್-ಹಾರ್ಪರ್ ಅಂತ ಒಂದು ಅಂಕಪಟ್ಟಿ ಇದೆ. 1 ಅಂದರೆ ಬೆಣ್ಣೆಯ ಹಾಗೆ, 10 ಅಂದರೆ ಕೈಮೀರಿತು. ಆಮೇಲೆ ಕೂತು ವರದಿ ಬರೆಯಬೇಕು. ಹಾರೋದಕ್ಕಿಂತ ಬರೆಯೋದೇ ಜಾಸ್ತಿ ಅಂತ ಗೊಣಗುವವರನ್ನು ಬೇಕಾದಷ್ಟು ನೋಡಿದ್ದೇನೆ.

ದಾರಿ ಕೇಳಿದರೆ, ಮೊದಲು ವಾಯುಪಡೆಯಲ್ಲಿ ಚೆನ್ನಾಗಿ ಪಳಗಬೇಕು, ಆಮೇಲೆ ಬೆಂಗಳೂರಿನ ಟೆಸ್ಟ್ ಪೈಲಟ್ ಶಾಲೆಗೆ ಆಯ್ಕೆಯಾಗಬೇಕು. ಅದು ಶುರುವಾದದ್ದು 1973ರಲ್ಲಿ. ಅದಕ್ಕೂ ಮುಂಚೆ ನಮ್ಮವರು ವಿದೇಶಕ್ಕೆ ಹೋಗಿ ಕಲಿಯಬೇಕಿತ್ತು. ಹಾಗೆ ಇಂಗ್ಲೆಂಡಿನಲ್ಲಿ ಕಲಿತು ಬಂದವರು ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್. ಹಳೇ ಮದ್ರಾಸ್ ರಸ್ತೆಯಿಂದ ಹಳೇ ಏರ್‌ಪೋರ್ಟ್ ರಸ್ತೆಗೆ ಬರುವಾಗ ಟ್ರಾಫಿಕ್ಕಿನಲ್ಲಿ ಬೈದುಕೊಂಡು ನಿಲ್ಲುತ್ತೇವಲ್ಲ, ಆ ರಸ್ತೆಯ ಹೆಸರು ಇವರದೇ.

ಎಚ್‌ಎಎಲ್‌ನ ಮಾರುತ್ ಯುದ್ಧವಿಮಾನವನ್ನು 1961ರ ಜೂನ್ 17ರಂದು ಮೊದಲು ಹಾರಿಸಿದ್ದು ದಾಸ್. ಜರ್ಮನಿಯ ಕುರ್ಟ್ ಟ್ಯಾಂಕ್ ಮಾಡಿದ ವಿನ್ಯಾಸ. ನೋಡೋಕೆ ಬಲು ಚೆಂದ. ಆದರೆ ಶಬ್ದದ ಎರಡು ಪಟ್ಟು ವೇಗಕ್ಕೆ ಅಂತ ಕನಸು ಕಂಡ ವಿಮಾನಕ್ಕೆ ಬೇಕಾದ ಎಂಜಿನ್ ಕೊನೆಗೂ ಸಿಗಲಿಲ್ಲ. ಸಿಕ್ಕಿದ ಆರ್ಫಿಯಸ್ ಎಂಜಿನ್ನಿಗೇ ರೀಹೀಟ್ ಜೋಡಿಸಿ ನೋಡಿದರು, ಅಂದರೆ ಹಿಂದಿನ ಕೊಳವೆಯಲ್ಲಿ ಇನ್ನಷ್ಟು ಇಂಧನ ಸುಟ್ಟು ಬಲ ಹೆಚ್ಚಿಸೋದು. ಆ ಮಾದರಿಯನ್ನು 1970ರ ಜನವರಿ 10ರಂದು ಹಾರಿಸುವಾಗ, ಬೆಂಗಳೂರಿನಲ್ಲೇ, ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ದಾಸ್ ತೀರಿಕೊಂಡರು.

2001ರ ಜನವರಿ 4ರಂದು ನಮ್ಮದೇ ಯುದ್ಧವಿಮಾನ ತೇಜಸ್ ಮೊದಲ ಸಲ ಹಾರಿದಾಗ ಒಳಗಿದ್ದವರು ರಾಜೀವ್ ಕೋಠಿಯಾಲ್. ಬರೀ 18 ನಿಮಿಷ. ಇಷ್ಟೇನಾ ಅನ್ನಿಸಬಹುದು, ಅಲ್ವಾ? ಮೊದಲ ಹಾರಾಟ ಸಾಮಾನ್ಯವಾಗಿ ಹಾಗೇ. ಎಷ್ಟೋ ಸಲ ಚಕ್ರಗಳನ್ನೂ ಒಳಗೆ ಎಳೆದುಕೊಳ್ಳಲ್ಲ, ಸುಮ್ನೆ ಯಾಕೆ ಇನ್ನೊಂದು ತಾಪತ್ರಯ ಅಂತ.

ಈಗಲೂ ಆ ರಸ್ತೆಯಲ್ಲಿ ನಿಂತಿದ್ದಾಗ ತಲೆ ಮೇಲೆ ಯುದ್ಧವಿಮಾನ ಹೋದರೆ ಪಕ್ಕದ ಸ್ಕೂಟರಿನವರು ಕಿವಿ ಮುಚ್ಚಿಕೊಳ್ಳುತ್ತಾರೆ. ನಾನು ಚಕ್ರ ಒಳಗಿದೆಯಾ, ಹೊರಗಿದೆಯಾ ಅಂತ ನೋಡುತ್ತೇನೆ.