ನಯೋಬಿಯಂಗೆ ತವರ ಸೇರಿದರೆ ಸೂಪರ್‌ಕಂಡಕ್ಟರ್ ತಾಪಮಾನ ಯಾಕೆ ಏರುತ್ತದೆ?

ನೀವು ಕೇಳಿದ್ದು ಇದು: ನಯೋಬಿಯಂ ಲೋಹ 9.2 ಕೆಲ್ವಿನ್‌ಗೆ ತಣಿಸಿದರೆ ಸೂಪರ್‌ಕಂಡಕ್ಟರ್ ಆಗುತ್ತದೆ, ಅಂದರೆ ವಿದ್ಯುತ್ತಿಗೆ ಒಂಚೂರೂ ತಡೆ ಒಡ್ಡುವುದಿಲ್ಲ. ತವರ 3.7ರಲ್ಲಿ. ಎರಡೂ ಸೇರಿದರೆ ನಡುವೆ ಎಲ್ಲೋ ಬರಬೇಕು. ಆದರೆ ನಯೋಬಿಯಂ-ತವರ 18 ಕೆಲ್ವಿನ್‌ನಲ್ಲೇ ಸೂಪರ್‌ಕಂಡಕ್ಟರ್ ಆಗುತ್ತದೆ. ಆ 18 ಎಲ್ಲಿಂದ ಬಂತು?

ಡಿಕಾಕ್ಷನ್‌ಗೆ ಹಾಲು ಬೆರೆಸುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಯಾರ್ಯಾರು ಸೇರಿದರು ಅನ್ನುವುದಕ್ಕಿಂತ ಯಾರು ಎಲ್ಲಿ ಕೂತರು ಅನ್ನುವುದೇ ಮುಖ್ಯ.

ನಾನು ಮೈಸೂರಿನಿಂದ ದಿನಾ ಮಂಡ್ಯಕ್ಕೆ ಹೋಗಿ ಬಿ.ಎಸ್ಸಿ. ಹುಡುಗರಿಗೆ ಫಿಸಿಕ್ಸ್ ಹೇಳುತ್ತೇನೆ. ನಯೋಬಿಯಂ-ತವರದಲ್ಲಿ ಪರಮಾಣುಗಳು ಕೂತ ರಚನೆಯನ್ನು ಬೋರ್ಡ್ ಮೇಲೆ ಬರೆದು ಬರೆದು ಸಾಕಾಗಿತ್ತು. ಪಕ್ಕದ ಮನೆಯವರು ಊದುಬತ್ತಿ ಹೊಸೆಯುತ್ತಾರೆ. ಅವರ ಹತ್ತಿರ ಒಂದು ಹಿಡಿ ಬರೀ ಕಡ್ಡಿ ಇಸ್ಕೊಂಡು, ಥರ್ಮಾಕೋಲ್ ಉಂಡೆ ತಂದು ಮಾದರಿ ಮಾಡಲು ಕೂತೆ.

ಒಂದು ಘನಾಕೃತಿ ಅಂದುಕೊಳ್ಳಿ. ಎಂಟು ಮೂಲೆಗೆ ಒಂದೊಂದು ತವರ, ನಟ್ಟನಡುವೆ ಇನ್ನೊಂದು. ಆರು ಮುಖಕ್ಕೂ ಎರಡೆರಡು ನಯೋಬಿಯಂ. ಕಡ್ಡಿಗೆ ಪೋಣಿಸಿದ ಈ ಜೋಡಿಗಳು ಪಕ್ಕದ ಘನದ ಜೋಡಿಗಳ ಜೊತೆ ಸೇರಿ ಉದ್ದ ಸಾಲಾಗುತ್ತವೆ, ಮೂರು ದಿಕ್ಕಿಗೂ. ನಾನು ಕಟ್ಟಿದಾಗ ಕಡ್ಡಿಗೆ ಕಡ್ಡಿ ತಾಕುತ್ತಲೇ ಇತ್ತು. ಎರಡು ಸಲ ಕಿತ್ತು ಕಟ್ಟಿದೆ. ಆಮೇಲೆ ಹೊಳೆಯಿತು, ಪಕ್ಕದ ಮುಖದ ಕಡ್ಡಿಯನ್ನು ನಾನು ತಿರುಗಿಸಿಯೇ ಇರಲಿಲ್ಲ! ಸರಿಯಾಗಿ ಕೂರಿಸಿದರೆ ಮೂರು ದಿಕ್ಕಿನ ಸಾಲುಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ಇದಕ್ಕೆ ಎ15 ರಚನೆ ಅಂತಾರೆ.

ಆ ಸಾಲಿನಲ್ಲಿ ನಯೋಬಿಯಂ ಪರಮಾಣುಗಳ ನಡುವೆ ಸುಮಾರು 2.65 ಆಂಗ್‌ಸ್ಟ್ರಾಂ ದೂರ (ಒಂದು ಆಂಗ್‌ಸ್ಟ್ರಾಂ ಅಂದರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಭಾಗ). ಬರೀ ನಯೋಬಿಯಂ ಲೋಹದಲ್ಲಿ 2.86. ಸೂಪರ್‌ಕಂಡಕ್ಟರ್‌ನಲ್ಲಿ ಎಲೆಕ್ಟ್ರಾನ್‌ಗಳು ಎರಡೆರಡಾಗಿ ಜೋಡಿ ಕಟ್ಟಿಕೊಂಡು ತಡೆಯಿಲ್ಲದೆ ಹರಿಯುತ್ತವೆ. ಪರಮಾಣುಗಳು ಇಷ್ಟು ಒತ್ತೊತ್ತಾಗಿ ಸಾಲು ಕಟ್ಟಿದಾಗ ಜೋಡಿಯಾಗಲು ಸಿಗುವ ಎಲೆಕ್ಟ್ರಾನ್‌ಗಳು ಜಾಸ್ತಿಯಾಗುತ್ತವೆ. ಜೋಡಿ ಮಾಡಿಸುವುದು ಪರಮಾಣುಗಳ ನಡುಕ. ಜೋಡಿ ಗಟ್ಟಿಯಾದಷ್ಟೂ ಹೆಚ್ಚು ಬಿಸಿ ತಡೆಯುತ್ತದೆ. ಬಿಸಿ ಅಂದರೂ ಮೈನಸ್ 255 ಡಿಗ್ರಿ ಸೆಲ್ಸಿಯಸ್, ಅಷ್ಟೇ.

ಕೂರುವ ಜಾಗ ಎಷ್ಟು ಮುಖ್ಯ ಅಂತೀರಾ? ಮೂಲೆ, ಮುಖದ ಪರಮಾಣುಗಳನ್ನು ಪಕ್ಕದ ಘನಗಳೂ ಹಂಚಿಕೊಳ್ಳುವುದರಿಂದ ಒಟ್ಟು ಲೆಕ್ಕದಲ್ಲಿ ಒಂದು ತವರಕ್ಕೆ ಮೂರು ನಯೋಬಿಯಂ. ನೂರು ಪರಮಾಣುಗಳಲ್ಲಿ ತವರ 25 ಇರಬೇಕಾದಲ್ಲಿ 18 ಇದ್ದರೆ, ಖಾಲಿ ಸೀಟಿಗೆ ನಯೋಬಿಯಂ ಬಂದು ಕೂರುತ್ತದೆ. ರಚನೆ ಅದೇ, ತಾಪಮಾನ ಮಾತ್ರ ಸುಮಾರು 6 ಕೆಲ್ವಿನ್‌ಗೆ ಬಿದ್ದುಹೋಗುತ್ತದೆ. ಬರೀ ನಯೋಬಿಯಂಗಿಂತಲೂ ಕಡಿಮೆ!

ಇದೇ ಮನೆತನದ ನಯೋಬಿಯಂ-ಜರ್ಮೇನಿಯಂ 1973ರಲ್ಲಿ 23 ಕೆಲ್ವಿನ್ ಮುಟ್ಟಿತು. 1986ರವರೆಗೆ ಆ ದಾಖಲೆ ಯಾರೂ ಮುರಿಯಲಿಲ್ಲ.

ಆದರೆ ಎಂಆರ್‌ಐ ಯಂತ್ರಗಳ ಅಯಸ್ಕಾಂತದ ಸುರುಳಿಯಲ್ಲಿ ಸಾಮಾನ್ಯವಾಗಿ ಇರುವುದು ನಯೋಬಿಯಂ-ಟೈಟೇನಿಯಂ ತಂತಿ. ಅದು ನಮ್ಮ ಪ್ಯಾಸೆಂಜರ್ ಟ್ರೇನಿನ ಜನರಲ್ ಬೋಗಿ ಇದ್ದಹಾಗೆ. ಘನದ ಮೂಲೆ, ನಡು, ಎಲ್ಲಿ ಬೇಕಾದರೂ ಯಾರು ಬೇಕಾದರೂ ಕೂರಬಹುದು. ತಾಪಮಾನ 9-10 ಕೆಲ್ವಿನ್ ಅಷ್ಟೇ. 4.2 ಕೆಲ್ವಿನ್‌ನ ದ್ರವ ಹೀಲಿಯಂನಲ್ಲಿ ಮುಳುಗಿಸಿಟ್ಟರೆ ಅದು ಧಾರಾಳ. ಮೇಲಾಗಿ ಎಳೆದರೆ ಎಳೆಯಾಗುತ್ತದೆ, ಬಗ್ಗಿಸಿದರೆ ಬಗ್ಗುತ್ತದೆ. ನನ್ನನ್ನು ಕೇಳಿದರೆ ಕೆಲಸಕ್ಕೆ ಬರುವವನು ಇವನೇ.

ನಯೋಬಿಯಂ-ತವರ ಹಾಗಲ್ಲ, ಪಟ್ ಅಂತ ಮುರಿಯುತ್ತದೆ. ಕರಿದ ಚಕ್ಕುಲಿಯನ್ನು ಯಾರಾದರೂ ಸುತ್ತುತ್ತಾರಾ? ಹಿಟ್ಟಿದ್ದಾಗಲೇ ಸುತ್ತಿ ಆಮೇಲೆ ಎಣ್ಣೆಗೆ ಬಿಡುತ್ತೀವಿ ಅಲ್ವಾ? ಇಲ್ಲೂ ಅದೇ ಉಪಾಯ. ನಯೋಬಿಯಂ ಎಳೆಗಳನ್ನು ಕಂಚಿನೊಳಗೆ ಇಟ್ಟು, ತಂತಿ ಎಳೆದು, ಸುರುಳಿ ಸುತ್ತಿ, ಆಮೇಲೆ 650 ಡಿಗ್ರಿ ಆಸುಪಾಸಿನಲ್ಲಿ ದಿನಗಟ್ಟಲೆ ಬೇಯಿಸುತ್ತಾರೆ. ಕಂಚಿನಲ್ಲಿರುವ ತವರ ನಿಧಾನಕ್ಕೆ ನಯೋಬಿಯಂಗೆ ಇಳಿದು ತನ್ನ ಜಾಗ ಹಿಡಿಯುತ್ತದೆ.

ನೀವೂ ಮಾದರಿ ಮಾಡುವುದಾದರೆ ಒಂದು ಬಣ್ಣದ 9 ಉಂಡೆ, ಇನ್ನೊಂದು ಬಣ್ಣದ 12 ತನ್ನಿ. ಗೋಂದು ಹಾಕುವ ಮೊದಲು ಕಡ್ಡಿಗೆ ಕಡ್ಡಿ ತಾಕುತ್ತಿದೆಯಾ ಅಂತ ಒಂದ್ಸಲ ನೋಡಿಕೊಳ್ಳಿ.