ಮಂಕರಿಯ ಮೊಟ್ಟೆ ಮಾಯ, ಚಿಪ್ಪೂ ಇಲ್ಲ
ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟದ ಮನೆ. ಎಂಟು ಹೇಂಟೆ, ಒಂದು ಹುಂಜ ಇವೆ. ಕೊಟ್ಟಿಗೆಯ ಮೂಲೆಯಲ್ಲಿ ಮಂಕರಿಗೆ ಹುಲ್ಲು ಹಾಸಿ, 11 ಮೊಟ್ಟೆ ಇಟ್ಟು ಒಂದು ಹೇಂಟೆಯನ್ನು ಕಾವಿಗೆ ಕೂರಿಸಿದ್ದೆ. ಐದನೇ ದಿನ ಬೆಳಿಗ್ಗೆ ನೋಡಿದರೆ ಕೋಳಿ ಸತ್ತು ಬಿದ್ದಿತ್ತು, ಮೈಮೇಲೆ ಹೇಳಿಕೊಳ್ಳುವ ಗಾಯವಿಲ್ಲ. ಮೊಟ್ಟೆ ನಾಲ್ಕೇ ಉಳಿದಿದ್ದವು. ಚಿಪ್ಪಿನ ಒಂದು ಚೂರೂ ಸಿಗಲಿಲ್ಲ. ಆಮೇಲೆ ಫಿನಾಯಿಲ್ ಹಾಕಿದೆ, ಬೆಳ್ಳುಳ್ಳಿ ಜಜ್ಜಿ ಇಟ್ಟೆ, ನುಸಿಗುಳಿಗೆಯನ್ನೂ ಇಟ್ಟಿದ್ದೇನೆ. ಈಗ ಇನ್ನೊಂದು ಹೇಂಟೆ ಕಾವಿಗೆ ಬಂದಿದೆ. ಕೂರಿಸಲೋ ಬೇಡವೋ?

ಉತ್ತರ: ಕೂರಿಸಿ. ಅದೇ ಮಂಕರಿ, ಅದೇ ಮೂಲೆ ಮಾತ್ರ ಬೇಡ.

ನೀವು ಬರೆದಿರುವುದನ್ನು ನೋಡಿದರೆ ನನ್ನ ಅನುಮಾನ ನಾಗರಹಾವಿನ ಮೇಲೆ. ಮುಂಗುಸಿ ಬಂದಿದ್ದರೆ ಒಡೆದ ಚಿಪ್ಪು ಬಿದ್ದಿರುತ್ತಿತ್ತು. ಕಾಗೆ ಹಗಲಲ್ಲಿ ಬಂದು ಕುಕ್ಕಿ ತೂತು ಮಾಡುತ್ತದೆ. ಕೋಳಿಯೇ ಮೊಟ್ಟೆ ತಿನ್ನುವ ಚಟಕ್ಕೆ ಬಿದ್ದಿದ್ದರೆ ಹುಲ್ಲಿಗೆ ಹಳದಿ ಮೆತ್ತಿರುತ್ತದೆ. ಹಾವು ಇಡೀ ಮೊಟ್ಟೆ ನುಂಗುತ್ತದೆ, ಚಿಪ್ಪು ಹೊಟ್ಟೆಯಲ್ಲೇ ಕರಗುತ್ತದೆ. ಉಡವೂ ಮೊಟ್ಟೆ ನುಂಗುವುದುಂಟು, ಆದರೆ ಅದು ಹಗಲಿನ ಪ್ರಾಣಿ. ಒಂದೇ ರಾತ್ರಿಯಲ್ಲಿ ಏಳು ಮೊಟ್ಟೆ ಹೋಗಿ, ಕೂತ ಕೋಳಿಯೂ ಕಚ್ಚಿಸಿಕೊಂಡು ಸತ್ತಿದೆ ಅಂದರೆ ನಾಗರನೇ ಇರಬೇಕು. ದಿನಕ್ಕೊಂದರಂತೆ ಮಾಯವಾಗಿದ್ದರೆ ನಾನು ಹೆಗ್ಗಣದ ಕಡೆ ನೋಡುತ್ತಿದ್ದೆ. ಖಚಿತವಾಗಬೇಕಾದರೆ ಸಂಜೆ ಗೂಡಿನ ಸುತ್ತ ಒಲೆಯ ಬೂದಿ ಜರಡಿ ಹಿಡಿದು ಉದುರಿಸಿ. ಬಂದವರು ಯಾರೆಂದು ಬೆಳಿಗ್ಗೆ ಬೂದಿಯೇ ಹೇಳುತ್ತದೆ.

ನಿಮ್ಮ ಪತ್ರ ಓದುವಾಗ ನನಗೆ ಮೊದಲು ಹೊಳೆದದ್ದು ಬೇರೆ. ಉಳಿದ ನಾಲ್ಕು ಮೊಟ್ಟೆಯನ್ನು ಎತ್ತಿಕೊಂಡದ್ದು ಹೇಗೆ? ಬರಿಗೈ ಹಾಕಿಯೇ? ಏಳು ಮೊಟ್ಟೆ ನುಂಗಿದ ಹಾವು ದೂರ ಓಡುವುದಿಲ್ಲ. ಆ ಹುಲ್ಲಿನಡಿಯೇ ಸುತ್ತಿಕೊಂಡಿರಬಹುದು, ಪಕ್ಕದ ಸೌದೆ ಒಟ್ಟಿಲಲ್ಲಿರಬಹುದು. ಏಳು ಮೊಟ್ಟೆಯ ನಷ್ಟ ಹೇಗೋ ತುಂಬಿಕೊಳ್ಳಬಹುದು. ಮಬ್ಬುಗತ್ತಲಲ್ಲಿ ಮಂಕರಿಗೆ ಕೈ ಹಾಕುವ ಅಭ್ಯಾಸ ಮಾತ್ರ ಇವತ್ತೇ ಬಿಡಬೇಕು. ಮೊದಲು ಟಾರ್ಚ್, ಆಮೇಲೆ ಉದ್ದನೆಯ ಕೋಲಿನಿಂದ ಹುಲ್ಲು ಸರಿಸುವುದು, ಕೈ ಕೊನೆಗೆ. ಮನೆಯಲ್ಲಿ ಮೊಟ್ಟೆ ತರುವ ಕೆಲಸ ಮಕ್ಕಳದ್ದಾದರೆ ಕೆಲವು ದಿನ ನೀವೇ ಮಾಡಿ.

ಫಿನಾಯಿಲ್, ಬೆಳ್ಳುಳ್ಳಿ, ಗಂಧಕ, ಈಶ್ವರಿ ಬಳ್ಳಿ ಯಾವುದನ್ನೂ ನಂಬಿ ಕೂರಬೇಡಿ. ಫಿನಾಯಿಲ್ ಹಾಕಿದ ಬಚ್ಚಲಲ್ಲೇ ಹಾವು ಮಲಗಿದ್ದನ್ನು ನಾನೇ ನೋಡಿದ್ದೇನೆ. ನುಸಿಗುಳಿಗೆಯನ್ನಂತೂ ಈಗಲೇ ಎದ್ದು ಹೋಗಿ ತೆಗೆಯಿರಿ. ಹಾವಿಗೆ ಅದರಿಂದ ಏನೂ ಆಗುವುದಿಲ್ಲ. ಕೋಳಿ ಬಿಳಿ ಗುಂಡು ಕಂಡರೆ ಕುಕ್ಕದೆ ಬಿಡುವುದಿಲ್ಲ, ಅದು ಅದಕ್ಕೆ ವಿಷ.

ಕೆಲಸಕ್ಕೆ ಬರುವುದು ಜಾಲರಿ. ಅಂಗಡಿಯಲ್ಲಿ ಕೋಳಿ ಮೆಶ್ ಎಂದು ಕೇಳಿದರೆ ಆರು ಮೂಲೆಯ ಕಣ್ಣಿನದನ್ನು ಕೊಡುತ್ತಾರೆ. ಕೋಳಿ ಹೊರಗೆ ಹೋಗದಿರಲು ಅದು ಸಾಕು, ಆದರೆ ಹಾವಿನ ಮರಿ ಅದರಲ್ಲಿ ಸಲೀಸಾಗಿ ತೂರುತ್ತದೆ. ದೊಡ್ಡ ಕಣ್ಣಿನ ಜಾಲರಿಯಲ್ಲಿ ಇನ್ನೊಂದು ಫಜೀತಿಯೂ ಇದೆ: ತೆಳ್ಳಗೆ ಒಳಬಂದ ಹಾವು ಮೊಟ್ಟೆ ನುಂಗಿ ದಪ್ಪಗಾಗಿ ಹೊರಗೆ ಹೋಗಲಾರದೆ ಅಲ್ಲೇ ಉಳಿಯುತ್ತದೆ. ಬೆಳಿಗ್ಗೆ ಬಾಗಿಲು ತೆರೆಯುವವರು ನೀವು! ಕಾಲು ಇಂಚು ಕಣ್ಣಿನ ವೆಲ್ಡ್ ಮೆಶ್ ಎಂದೇ ಕೇಳಿ. ಇಡೀ ಕೊಟ್ಟಿಗೆಗೆ ಬೇಡ, ಕಾವಿನ ಕೋಳಿಗೆ ಒಂದು ಹಲಗೆಯ ಪೆಟ್ಟಿಗೆ ಮಾಡಿಸಿ, ಗಾಳಿಯಾಡುವ ಕಡೆಗೆಲ್ಲ ಈ ಮೆಶ್ ಹೊಡೆಸಿ. ತಳಕ್ಕೂ ಹಲಗೆ ಇರಲಿ. ನಾಲ್ಕು ಗೋಡೆ ಭದ್ರ ಮಾಡಿ ನೆಲ ಮರೆಯುವವರೇ ಹೆಚ್ಚು, ಹೆಗ್ಗಣದ ಬಿಲ ನೇರ ಗೂಡಿನೊಳಗೇ ಬಾಯಿ ತೆರೆದಿರುತ್ತದೆ. ಬಾಗಿಲ ಸಂದಿಗೆ ಕಿರುಬೆರಳು ತೂರಿಸಿ ನೋಡಿ. ತೂರಿದರೆ ಸಂದಿ ದೊಡ್ಡದಾಯಿತು. ಮುಚ್ಚಿದ ಪೆಟ್ಟಿಗೆಯಾದ್ದರಿಂದ ದಿನಕ್ಕೊಮ್ಮೆ ಹಗಲಿನಲ್ಲಿ ನೀವೇ ಬಿಡಬೇಕು. ಮೇವು, ನೀರು, ಹಿಕ್ಕೆ ಎಲ್ಲ ಮುಗಿಸಿ ಹದಿನೈದಿಪ್ಪತ್ತು ನಿಮಿಷಕ್ಕೆ ಅದು ತಾನೇ ವಾಪಸು ಬರುತ್ತದೆ. 21 ದಿನದ ಕೆಲಸ, ಅಷ್ಟೆ.

ಉಳಿದ ಕೋಳಿಗಳ ಗೂಡಿನ ಸುತ್ತ ಅದೇ ಮೆಶ್ಶನ್ನು ಒಂದು ಅಡಿ ಅಗಲಕ್ಕೆ ಹೊರಮುಖವಾಗಿ ನೆಲದ ಮೇಲೆ ಹಾಸಿ, ಮಣ್ಣು ಕಲ್ಲು ಮುಚ್ಚಿ. ಬಿಲ ತೋಡಿ ನುಗ್ಗುವುದು ಇದರಿಂದ ನಿಲ್ಲುತ್ತದೆ. ಗೂಡನ್ನು ಕಂಬದ ಮೇಲೆ ಎತ್ತರದಲ್ಲಿ ಕಟ್ಟಿದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಕೇರೆ, ಹೆಬ್ಬಾವು ಎರಡೂ ಮರ ಹತ್ತುವಂಥವು.

ಇನ್ನು ಹಾವು ಬಂದದ್ದಾದರೂ ಯಾಕೆ? ಬಹುಪಾಲು ಇಲಿಗಾಗಿ ಬಂದಿರುತ್ತದೆ, ದಾರಿಯಲ್ಲಿ ಮೊಟ್ಟೆ ಸಿಕ್ಕಿರುತ್ತದೆ. ಸಂಜೆ ಚೆಲ್ಲಿದ ನುಚ್ಚು ರಾತ್ರಿಯಿಡೀ ಅಲ್ಲೇ ಬಿದ್ದಿದ್ದರೆ ಇಲಿಗಳಿಗೆ ಹಬ್ಬ. ಕತ್ತಲಾಗುವ ಮೊದಲು ಗುಡಿಸಿ, ಮೇವನ್ನು ಮುಚ್ಚಳದ ಡಬ್ಬದಲ್ಲಿಡಿ. ಸೌದೆ, ಅಡಿಕೆ ಹಾಳೆ, ತೆಂಗಿನ ಸಿಪ್ಪೆಯ ರಾಶಿಯನ್ನು ಗೂಡಿನಿಂದ ದೂರ ಸಾಗಿಸಿ. ಮಳೆ ಹಿಡಿಯುವ ಮೊದಲೇ ಇದು ಮುಗಿದರೆ ಒಳ್ಳೆಯದು. ಬಿಲಕ್ಕೆ ನೀರು ನುಗ್ಗಿದಾಗ ಹಾವೂ ಇಲಿಯೂ ಒಟ್ಟಿಗೇ ಕೊಟ್ಟಿಗೆಗೆ ಬರುತ್ತವೆ. ತೋಟದಲ್ಲಿ ಕೇರೆ ಕಂಡರೆ ಓಡಿಸಲು ಹೋಗಬೇಡಿ. ಎರಡು ಮರಿ ಕದಿಯುತ್ತದೆ, ನಿಜ. ಅದು ಹಿಡಿಯುವ ಇಲಿಗಳ ಲೆಕ್ಕ ಹಾಕಿದರೆ ನಾನು ಕೇರೆಯ ಪಕ್ಷ. ನಿಮ್ಮ ಸೀಮೆಯಲ್ಲಿ ಆ ಕೇರೆಯನ್ನು ತಿನ್ನಲು ಕಾಳಿಂಗ ಬಂದರೆ ಗಾಬರಿಬೀಳಬೇಡಿ. ಅದರ ಊಟ ಹಾವು, ನಿಮ್ಮ ಮೊಟ್ಟೆ ಅಲ್ಲ.

ಪ್ರಶ್ನೆ: ಹಾವು ಹಿಡಿಯುವವರು ಬಂದು ನಾಗರಹಾವು ಹಿಡಿದಾಗ ಅದು ಆರು ತತ್ತಿ ಕಕ್ಕಿತು. ಒಂದೂ ಒಡೆದಿಲ್ಲ. ತಿನ್ನಬಹುದೇನ್ರಿ? ಕಾವಿಗೆ ಇಡಬಹುದೇ? ಅದು ಕಚ್ಚಿದ ಕೋಳಿಯನ್ನು ಸಾರು ಮಾಡೋಣ ಅಂತಾರೆ ಮನೆಯಲ್ಲಿ. (ಹಾವೇರಿ)

ಉತ್ತರ: ಮೂರಕ್ಕೂ ಬೇಡ. ವಿಷದ ಹೆದರಿಕೆಯಿಂದ ಹೇಳುತ್ತಿಲ್ಲ. ವಿಷ ಇರುವುದು ಕಣ್ಣಿನ ಹಿಂದಿನ ಗ್ರಂಥಿಯಲ್ಲಿ, ಹೊಟ್ಟೆಯಲ್ಲಲ್ಲ. ಹಾವುಗಳ ಕರುಳಿನಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರುತ್ತದೆ, ಚಿಪ್ಪಿನ ತುಂಬ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಅಂಥ ತತ್ತಿ ಕಾವಿಗಿಟ್ಟರೆ ಉಳಿದವೂ ಕೊಳೆತಾವು. ಕೋಳಿ ಸತ್ತದ್ದು ಹಾವಿನಿಂದಲೇ ಎಂದು ಬರೆದುಕೊಡುವವರು ಯಾರು? ಕೊಕ್ಕರೆ ರೋಗದಲ್ಲೂ ಕೋಳಿ ಬೆಳಗಾಗುವುದರಲ್ಲಿ ಸತ್ತಿರುತ್ತದೆ. ಆಳವಾದ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಿ.

ಪ್ರಶ್ನೆ: ಗೂಡಿನ ಸುತ್ತ ಹಳೆಯ ಮೀನಿನ ಬಲೆ ಬಿಟ್ಟರೆ ಹಾವು ಸಿಕ್ಕಿಬೀಳುತ್ತದೆ ಎನ್ನುತ್ತಾರೆ. ಗಿನಿ ಕೋಳಿ ಸಾಕಿದರೂ ಹಾವು ಬರುವುದಿಲ್ಲವಂತೆ? (ಪುತ್ತೂರು)

ಉತ್ತರ: ಬಲೆಗೆ ಸಿಕ್ಕೇಬೀಳುತ್ತದೆ. ಆಮೇಲೆ ಬಿಡಿಸುವವರು ಯಾರು? ಎಳೆದಾಡಿದಷ್ಟೂ ದಾರ ಮೈಗೆ ಕೊರೆದು, ರೊಚ್ಚಿಗೆದ್ದ ಹಾವು ನಿಮ್ಮ ಬಾಗಿಲಲ್ಲೇ ಎರಡು ದಿನ ಒದ್ದಾಡುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾಗರಹಾವು, ಕೇರೆ, ಹೆಬ್ಬಾವುಗಳನ್ನು ಹಿಡಿಯುವುದೂ ಕೊಲ್ಲುವುದೂ ಅಪರಾಧ. ಗಿಡುಗನಿಗೆಂದು ಮೇಲೆ ಕಟ್ಟುವ ಬಲೆ ಇರಲಿ, ಬಿಗಿಯಾಗಿ ಕಟ್ಟಿ, ಅಂಚು ನೆಲಕ್ಕೆ ಜೋಲದಂತೆ ನೋಡಿಕೊಳ್ಳಿ. ಗಿನಿ ಕೋಳಿ ಹಾವು ಕಂಡರೆ ಊರಿಗೆಲ್ಲ ಕೇಳುವಂತೆ ಕೂಗುತ್ತದೆ. ಹಗಲಿನ ಮಟ್ಟಿಗೆ ಒಳ್ಳೆಯ ಕಾವಲುಗಾರ. ರಾತ್ರಿ ಅದಕ್ಕೂ ನಿದ್ದೆ, ಕಣ್ಣೂ ಕಾಣದು. ನೆರೆಮನೆಯವರನ್ನು ಒಂದು ಮಾತು ಕೇಳಿ ತನ್ನಿ.

ಪ್ರಶ್ನೆ: ಮೊಟ್ಟೆ ತೆಗೆಯುವಾಗ ಕೈಗೆ ಕಚ್ಚಿದರೆ ತಕ್ಷಣ ಮೇಲಕ್ಕೆ ಕಟ್ಟು ಕಟ್ಟಬೇಕೇ? (ಚನ್ನರಾಯಪಟ್ಟಣ)

ಉತ್ತರ: ನಾನು ಕೋಳಿ, ದನಗಳ ವೈದ್ಯ. ಆದರೂ ಇದನ್ನು ಹೇಳದೆ ಬಿಡಲಾರೆ. ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ನಾಟಿ ಔಷಧಿಗೆ ಅಲೆಯಬೇಡಿ. ಉಂಗುರ, ಬಳೆ ತೆಗೆಯಿರಿ, ಊದಿದ ಮೇಲೆ ಬರುವುದಿಲ್ಲ. ಮೂಳೆ ಮುರಿದವರ ಕೈಯಂತೆ ಅಲುಗಾಡದ ಹಾಗೆ ಇಟ್ಟುಕೊಂಡು 108ಕ್ಕೆ ಫೋನ್ ಮಾಡಿ, ಅಥವಾ ಸಿಕ್ಕ ಗಾಡಿಯಲ್ಲಿ ಹೊರಡಿ. ತೋರಿಸಲೆಂದು ಹಾವನ್ನು ಹಿಡಿಯಲು ಹೋಗಬೇಡಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಕೊಡುವುದು ಒಂದೇ ಪ್ರತಿವಿಷ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು. ಅದು ಅವರ ಕೆಲಸ. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ಇಟ್ಟಿರುತ್ತಾರೆ ಎಂದು ಈ ವಾರವೇ ವಿಚಾರಿಸಿ, ನಂಬರನ್ನು ಗೂಡಿನ ಬಾಗಿಲ ಒಳಬದಿಗೆ ಬರೆದಿಡಿ.