ಲಂಡನ್ನಿನ ಒಪೆರಾ ಕೆಲಸ ಒಪ್ಪಿಕೊಳ್ಳುವ ಮುಂಚೆ

ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಕೋರಸ್‌ನಲ್ಲಿ, ಅಂದರೆ ಒಟ್ಟಾಗಿ ಹಾಡುವ ಗುಂಪಿನಲ್ಲಿ, ಕೆಲಸ ಸಿಗುವ ಹಾಗಿದೆ, ಲಂಡನ್ನಿನಲ್ಲಿ ಅದನ್ನೇ ನಂಬಿಕೊಂಡು ಬದುಕಬಹುದಾ, ಕೋವಿಡ್‌ನಂಥದ್ದು ಮತ್ತೆ ಬಂದರೆ ಏನು ಗತಿ ಅಂತ ಕೇಳಿದ್ದೀರಿ. ನಾನು ಇಲ್ಲಿನ ಥಿಯೇಟರ್‌ಗಳಿಗೆ ಬಟ್ಟೆ ಹೊಲಿಯುವವಳು, ಹಾಡುವವಳಲ್ಲ. ಆದರೆ ಆ ಕಾಲವನ್ನು ಹಾಡುಗಾರರ ಜೊತೆಯಲ್ಲೇ ಕಳೆದೆ.

ಮೊದಲು ದುಡ್ಡಿನ ಮಾತು. 2020ರ ಮಾರ್ಚ್ 16ಕ್ಕೆ ಥಿಯೇಟರ್‌ಗಳೆಲ್ಲಾ ಬಂದ್. ಸಂಬಳದ ಮೇಲಿದ್ದವರಿಗೆ ಫರ್ಲೋ ಸಿಕ್ಕಿತು, ಅಂದರೆ ಕೆಲಸ ನಿಂತರೂ ಸರ್ಕಾರದ ದುಡ್ಡಲ್ಲಿ ಸಂಬಳದ ಶೇ 80ರಷ್ಟು, ತಿಂಗಳಿಗೆ ಹೆಚ್ಚೆಂದರೆ 2,500 ಪೌಂಡ್. ಫ್ರೀಲಾನ್ಸ್‌ನವರಿಗೆ ಬೇರೆ ಯೋಜನೆ ಇತ್ತು, ಆದರೆ ಅದು ಹಳೆಯ ಟ್ಯಾಕ್ಸ್ ಲೆಕ್ಕದ ಮೇಲೆ. ಹೊಸದಾಗಿ ಶುರು ಮಾಡಿದವರಿಗೆ ಮೊದಮೊದಲು ಏನೂ ಇಲ್ಲ. ಅರ್ಧಕ್ಕಿಂತ ಜಾಸ್ತಿ ಆದಾಯ ಸಂಬಳದಿಂದ ಬಂದಿದ್ದರೂ ಇಲ್ಲ, ಹಗಲು ಸ್ಕೂಲಲ್ಲಿ ಪಾಠ ಹೇಳಿ ಸಂಜೆ ಸ್ಟೇಜ್ ಹತ್ತುವ ಎಷ್ಟೋ ಜನ ಹೀಗೇ ಹೊರಗುಳಿದರು. ಒಳ್ಳೊಳ್ಳೆ ಗಾಯಕರು ಡೆಲಿವರಿ ವ್ಯಾನ್ ಓಡಿಸಿದರು. ವೀಸಾದಲ್ಲಿ 'ಸರ್ಕಾರಿ ನೆರವು ಇಲ್ಲ' ಅಂತ ಬರೆದಿರುತ್ತೆ ನೋಡಿ, ಅದಕ್ಕೆ ಹೆದರಬೇಡಿ. ಈ ಎರಡೂ ಯೋಜನೆಗಳನ್ನು ಆ 'ಸರ್ಕಾರಿ ನೆರವು' ಅಂತ ಲೆಕ್ಕ ಹಿಡಿಯಲಿಲ್ಲ, ಹಾಗಾಗಿ ವೀಸಾದವರೂ ಪಡೆಯಬಹುದಿತ್ತು.

ಇನ್ನು ಹಾಡು. ಝೂಮ್‌ನಲ್ಲಿ ಕೋರಸ್ ಆಗೋದೇ ಇಲ್ಲ, ದನಿ ಒಂದು ಕ್ಷಣ ತಡವಾಗಿ ತಲುಪಿದರೂ ತಾಳ ತಪ್ಪುತ್ತೆ, ಹಾಗಾಗಿ ಎಲ್ಲರೂ ಮ್ಯೂಟ್ ಮಾಡಿಕೊಂಡು ಒಬ್ಬೊಬ್ಬರೇ ಹಾಡುತ್ತಿದ್ದರು. ನನ್ನ ಫ್ಲಾಟ್‌ಮೇಟ್ ಆಲ್ಟೋ, ಅಂದರೆ ಹೆಂಗಸರ ತಗ್ಗು ದನಿಯ ಭಾಗ, ಹಾಡುತ್ತಾಳೆ. ಕೋಣೆಯ ಪ್ರತಿಧ್ವನಿ ಬರಬಾರದು ಅಂತ ಬೀರುವಿನ ಕೋಟುಗಳ ನಡುವೆ ತಲೆ ತೂರಿಸಿ, ಒಂದು ಕಿವಿಯಲ್ಲಿ ಟಿಕ್ ಟಿಕ್ ತಾಳ ಕೇಳಿಸಿಕೊಳ್ಳುತ್ತಾ ರೆಕಾರ್ಡ್ ಮಾಡುತ್ತಿದ್ದಳು. ಪಕ್ಕದವರ ಉಸಿರು ಕೇಳದೆ ಹಾಡೋದು ಹಾಡೇ ಅಲ್ಲ ಅಂತ ಬೈದುಕೊಳ್ಳುತ್ತಲೇ ಮತ್ತೆ ಶುರು ಮಾಡುವಳು.

ಆದರೆ ಒಪೆರಾದವರು ಕೈಕಟ್ಟಿ ಕೂರಲಿಲ್ಲ, ಅದನ್ನು ಹೇಳಲೇಬೇಕು. ಇಂಗ್ಲಿಷ್ ನ್ಯಾಷನಲ್ ಒಪೆರಾ ಕಂಪನಿಯ ವಾರ್ಡ್‌ರೋಬ್‌ನವರು, ಅಂದರೆ ವೇಷಭೂಷಣ ನೋಡಿಕೊಳ್ಳುವವರು, ಆಸ್ಪತ್ರೆ ಸಿಬ್ಬಂದಿಗೆ ಸ್ಕ್ರಬ್ಸ್ (ಡ್ಯೂಟಿ ಬಟ್ಟೆ) ಹೊಲಿದರು. ಸೆಪ್ಟೆಂಬರ್‌ನಲ್ಲಿ ಅದೇ ಕಂಪನಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್ ಬಯಲಲ್ಲಿ 'ಲಾ ಬೊಹೆಮ್' ಒಪೆರಾ ಆಡಿತು, ಜನ ಕಾರಲ್ಲೇ ಕೂತು ನೋಡಿದರು, ಚಪ್ಪಾಳೆಗೆ ಬದಲು ಹಾರ್ನ್. ಕ್ಷಯದಿಂದ ಕೆಮ್ಮಿ ಸಾಯುವ ಹುಡುಗಿಯ ಕಥೆ, ಆ ವರ್ಷವೇ! ನನಗೆ ಇದಕ್ಕಿಂತ ದೊಡ್ಡದಾಗಿ ಕಂಡದ್ದು ಅವರ 'ಬ್ರೀದ್' ಕಾರ್ಯಕ್ರಮ. ಕೋವಿಡ್ ಮುಗಿದರೂ ಉಸಿರಾಟ ಸರಿಹೋಗದವರಿಗೆ ಇಂಪೀರಿಯಲ್ ಕಾಲೇಜಿನ ಆಸ್ಪತ್ರೆಗಳ ಜೊತೆ ಸೇರಿ 6 ವಾರ ಆನ್‌ಲೈನಲ್ಲಿ ಜೋಗುಳ ಹಾಡಿಸಿ ಉಸಿರನ್ನು ಹತೋಟಿಗೆ ತರೋದನ್ನು ಕಲಿಸಿದರು. ಹಾಡುಗಾರರಿಗೆ ಗೊತ್ತಿರುವ ವಿದ್ಯೆಯೇ ಅದು ಅಲ್ವಾ?

ಹಾಗಾಗಿ ಬನ್ನಿ, ಆದರೆ ಕಾಂಟ್ರ್ಯಾಕ್ಟ್ ಪೂರ್ತಿ ಓದಿ. ಸಂಬಳದ ನೌಕರಿಯಾ, ಶೋ ಲೆಕ್ಕದ ಫೀಸಾ? ಶೋ ರದ್ದಾದರೆ ಎಷ್ಟು ಕೊಡುತ್ತಾರೆ? ನನಗೆ ಒಂದು ಕಂಪನಿ 'ಕೈಮೀರಿದ ಕಾರಣ' ಅನ್ನೋ ಷರತ್ತು ತೋರಿಸಿ ಒಂದು ಪೆನ್ನಿಯೂ ಕೊಡಲಿಲ್ಲ. ಸಹಿ ಹಾಕೋ ಮುಂಚೆ ಈಕ್ವಿಟಿ ಅನ್ನೋ ಕಲಾವಿದರ ಯೂನಿಯನ್ನಿಗೆ ಸೇರಿಕೊಂಡು ಆ ಪುಟವನ್ನು ಅವರಿಗೆ ತೋರಿಸಿ.